ಹಾಲು ಉಕ್ಕಿಸಿದ ದಿನ, ಮನೆ ಬಿಟ್ಟ ದಿನ

ನಾವು ಮಿಷಿಗನ್ ಬಿಟ್ಟದ್ದು ಎರಡು ಸಾವಿರದ ಎಂಟನೇ ಇಸವಿಯ ಜೂನ್ ತಿಂಗಳ ಕೊನೆಯ ಶನಿವಾರ. ಇನ್ನೂ ಬೆಳಕು ಹರಿಯುವ ಮೊದಲೇ ಹೊರಟೆವು. ಕಾರಿನ ಹಿಂದಿನ ಸೀಟಿನಲ್ಲಿ ದೇವರ ಪಟಗಳು, ಪಂಚೆಯಲ್ಲಿ ಸುತ್ತಿದ ಹಿತ್ತಾಳೆ ದೀಪ, ಒಂದು ಸ್ಟೀಲ್ ಪಾತ್ರೆ, ಅಕ್ಕಿ, ಬೆಲ್ಲ, ಉಪ್ಪು. ಮುಹೂರ್ತ ಇದ್ದದ್ದು ಒಂಬತ್ತು ನಲವತ್ತಕ್ಕೆ. ಅದು ಡೆಟ್ರಾಯಿಟ್ ಗಂಟೆಯೋ ಶಿಕಾಗೋ ಗಂಟೆಯೋ ಎಂದು ಪುರೋಹಿತರನ್ನು ಕೇಳಲು ಮರೆತಿದ್ದೆ. ಇಂಡಿಯಾನಾಕ್ಕೆ ಬಂದರೆ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ನನ್ನ ಹೆಂಡತಿ ಎರಡೂ ಊರಿಗೆ ಸಲ್ಲುವಂತೆ ಎಂಟು ನಲವತ್ತಕ್ಕೆ ಪಾತ್ರೆಯನ್ನು ಒಲೆಯ ಮೇಲಿಟ್ಟು, ಒಂದು ತಾಸು ಸಣ್ಣ ಕಾವಿನಲ್ಲಿ ಕಾಯಿಸಿ, ಒಂಬತ್ತು ನಲವತ್ತಕ್ಕೆ ಸರಿಯಾಗಿ ಹಾಲು ಉಕ್ಕಿಸಿದಳು. ಶಿಕಾಗೋ ಪಕ್ಕದ ಲೊಂಬಾರ್ಡ್‌ನ ನಮ್ಮ ಹೊಸ ಅಪಾರ್ಟ್‌ಮೆಂಟಿನಲ್ಲಿ ಇದ್ದದ್ದು ಕರೆಂಟ್ ಒಲೆ. ಕೆಂಪಗೆ ಕಾದ ಸುರುಳಿಯ ಮೇಲೆ ಹಾಲು ಬಿದ್ದು ಸೀದು ಹೊಗೆಯೆದ್ದು, ಸೂರಿನ ಅಲಾರಂ ಅರಚತೊಡಗಿತು. ಆರು ತಿಂಗಳ ಬಸುರಿಯಾಗಿದ್ದ ಮಗಳು ಪಿಜ್ಜಾ ಡಬ್ಬಿಯ ಮುಚ್ಚಳ ಹಿಡಿದು ಅದಕ್ಕೆ ಗಾಳಿ ಹಾಕಿದಳು. ಆಮೇಲೆ ಎಲ್ಲರೂ ಪಾಯಸ ತಿಂದೆವು. ಮಂಚ ಇನ್ನೂ ಬಂದಿರಲಿಲ್ಲ. ಕಾರ್ಪೆಟ್ಟಿನ ಮೇಲೆ ಹಾಸಿಗೆ ಹಾಕಿ ಮಲಗಿದೆವು. ಅಂದಿನಿಂದ ಇಲ್ಲಿಯವರಾದೆವು.

ಮೂರು ವರ್ಷ ನಾನು ಇದನ್ನು ಹೀಗೆಯೇ ಹೇಳಿಕೊಂಡು ಬಂದೆ. ಹಾಲು, ಹೊಗೆ, ಪಿಜ್ಜಾ ಡಬ್ಬಿ ನಿಜ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಸುಳ್ಳು. ಕಾರ್ಪೆಟ್ಟಿನ ಮೇಲಿನ ಹಾಸಿಗೆ ನಿಜವೇ, ಆದರೆ ಅದು ಹೆಚ್ಚಾಗಿ ಬೇರೆ ಮನೆಯದು. ಇದು ನನಗೆ ಗೊತ್ತಾದದ್ದು ಒಂದು ತೆರಿಗೆಯ ಪ್ರಶ್ನೆಯಿಂದ.

ಪ್ರಶ್ನೆ ಕೇಳಿದವರು ನಮ್ಮ ತೆರಿಗೆ ಕಾಗದಗಳನ್ನು ನೋಡಿಕೊಳ್ಳುತ್ತಿದ್ದ ಮೈಸೂರಿನ ಹೆಂಗಸು. ಲೊಂಬಾರ್ಡ್ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಒಂದು ದಿನಸಿ ಅಂಗಡಿಯ ಮಹಡಿಯ ಮೇಲೆ ಅವರ ಆಫೀಸು. ಮೆಟ್ಟಿಲು ಹತ್ತುವಾಗ ಕೆಳಗಿನ ಇಂಗಿನ ವಾಸನೆ ಜೊತೆಗೇ ಮೇಲೆ ಬರುತ್ತಿತ್ತು. ಎರಡು ಸಾವಿರದ ಹನ್ನೊಂದರ ಮಾರ್ಚ್‌ನಲ್ಲಿ ನಾನು ಅಲ್ಲಿಗೆ ಹೋಗಿ, ಡಿಯರ್‌ಬಾರ್ನ್‌ನ ಪಶ್ಚಿಮಕ್ಕಿದ್ದ ನಮ್ಮ ಹಳೆಯ ಮನೆಯನ್ನು ಮಾರಬೇಕೆಂದಿದ್ದೇನೆ ಎಂದು ತಿಳಿಸಿದೆ. ಇಪ್ಪತ್ತೆರಡು ವರ್ಷದ ಹಿಂದೆ, ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಕೊಂಡ ಮನೆ. ಕಾರು ಕಂಪನಿ ಒಂದಿಷ್ಟು ಹಣ ಕೊಟ್ಟು ನಮ್ಮಂಥ ಹಳಬರನ್ನು ಮನೆಗೆ ಕಳಿಸುತ್ತಿದ್ದ ಕಾಲದಲ್ಲಿ ನಾನೂ ಹಣ ತೆಗೆದುಕೊಂಡು ನಿವೃತ್ತನಾದೆ. ಹುಟ್ಟಲಿರುವ ಮೊಮ್ಮಗುವಿನ ಹತ್ತಿರ ಇರೋಣವೆಂದು ಲೊಂಬಾರ್ಡ್‌ಗೆ ಬಂದೆವು. ಮಿಷಿಗನ್‌ನಲ್ಲಿ ಆಗ ಮನೆ ಕೊಳ್ಳುವವರೇ ಇರಲಿಲ್ಲ, ಹಾಗಾಗಿ ಬಾಡಿಗೆಗೆ ಕೊಟ್ಟೆವು. ಈಗ ಬೆಲೆ ಅರ್ಧಕ್ಕೆ ಇಳಿದಿದ್ದರೂ, ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟದ್ದಕ್ಕಿಂತ ಮೇಲೇ ಇತ್ತು. ಅಂದರೆ ಕಾಗದದ ಮೇಲೆ ಲಾಭ. ಸುತ್ತಲಿನವರೆಲ್ಲ ಮನೆ ಕಳೆದುಕೊಳ್ಳುತ್ತಿದ್ದಾಗ ಲಾಭ ಎಂಬ ಮಾತನ್ನು ಆಡಲು ನಾಚಿಕೆಯಾಗುತ್ತಿತ್ತು.

ಅವರು ನಿಯಮ ವಿವರಿಸಿದರು. ಮಾರಿದ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಬೇಕು. ಆ ಐದರಲ್ಲಿ ಒಟ್ಟು ಎರಡು ವರ್ಷವಾದರೂ ಆ ಮನೆಯಲ್ಲಿ ವಾಸವಾಗಿದ್ದರೆ, ನಮ್ಮಂಥವರಿಗೆ ಬರುವಷ್ಟು ಲಾಭಕ್ಕೆ ತೆರಿಗೆ ಇಲ್ಲ. ಎಂದರೆ, ಮನೆ ಬಿಟ್ಟ ಮೇಲೆ ಮೂರು ವರ್ಷ ತುಂಬುವುದರೊಳಗೆ ಮಾರಿರಬೇಕು. ಒಂದು ದಿನ ತಡವಾದರೂ ಆ ಬಾಗಿಲು ಮುಚ್ಚುತ್ತದೆ.

“ಯಾವತ್ತು ಬಿಟ್ರಿ ಸರ್ ಮನೆ?” ಎಂದರು.

ನಾನು ತಡವರಿಸಲಿಲ್ಲ. ಜೂನ್ ಕೊನೆಯ ಶನಿವಾರ ಎಂದೆ. ಎರಡು ವರ್ಷದ ಹಿಂದೆ ಅವರೇ ಕೊಟ್ಟ ಪ್ರಶ್ನಾವಳಿಯಲ್ಲೂ ಅದೇ ತಾರೀಖು ಬರೆದಿದ್ದೆ. ಅವರು ಕಡತ ತೆಗೆದು ನೋಡಿ, ಹೌದು ಎಂದು ತಲೆಯಾಡಿಸಿ, ಬೆರಳು ಮಡಚಿ ಎಣಿಸಿದರು. ಈ ಜೂನ್ ಮುಗಿಯುವುದರೊಳಗೆ ನೋಂದಣಿ ಆಗಬೇಕು. ಆಗದಿದ್ದರೆ ತೆರಿಗೆ ಹೆಚ್ಚುಕಡಿಮೆ ನನ್ನ ನಾಲ್ಕು ತಿಂಗಳ ಪಿಂಚಣಿಯಷ್ಟು.

ಬೇರೆ ದಾರಿ ಇಲ್ಲವೇ ಎಂದು ಕೇಳಿದೆ.

“ಕೆಲಸ ಬದಲಾಗಿ ಬಂದಿದ್ರೆ ಇನ್ನೊಂದು ದಾರಿ ಇತ್ತು. ಹುಷಾರಿಲ್ಲದೆ ಬಂದಿದ್ರೂ ಇತ್ತು. ನೀವು ಮೊಮ್ಮಗಳಿಗೋಸ್ಕರ ಬಂದ್ರಿ. ಕಾನೂನಿಗೆ ಮೊಮ್ಮಗಳು ಅಂದ್ರೆ ಗೊತ್ತಿಲ್ಲ ಸರ್.”

ಅವಸರ ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬಿಳಿ ಪಿಕಪ್‌ನಲ್ಲಿ ಏಣಿ ಹೇರಿಕೊಂಡು ಆ ಹಳೆಯ ಮನೆಯಿದ್ದ ಬಡಾವಣೆಯಲ್ಲಿ ಮನೆಗಳನ್ನು ನೋಡಿಕೊಂಡು ತಿರುಗುವ ಒಬ್ಬ ಮನುಷ್ಯ ಇದ್ದ. ಸಾಲದ ಗೋಜಿಲ್ಲದೆ ಕೈಯಲ್ಲಿ ಹಣ ಹಿಡಿದು ಕೊಳ್ಳುವವನು. ಮೇ ತಿಂಗಳಲ್ಲೇ ಮುಗಿಸಲು ತಯಾರಿದ್ದ. ಆದರೆ ಅವನಿಗೆ ಮನೆ ಬೇಕಾಗಿದ್ದದ್ದು ಖಾಲಿಯಾಗಿ. ಮನೆ ಖಾಲಿ ಇರಲಿಲ್ಲ.

ಬಾಡಿಗೆಗಿದ್ದವರು ಬಾಗಲಕೋಟೆ ಕಡೆಯ ಕುಟುಂಬ. ಗಂಡ ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರು. ಅವರು ಬಂದ ಮರುವರ್ಷವೇ ಅವನ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಅಷ್ಟರಲ್ಲಿ ಕೈಗೆ ಬಂದಿದ್ದರಿಂದ ದೇಶ ಬಿಡಬೇಕಾಗಿ ಬರಲಿಲ್ಲ. ಹದಿನಾಲ್ಕು ತಿಂಗಳು ಅಲ್ಲಿ ಇಲ್ಲಿ ಸಣ್ಣಪುಟ್ಟ ಕೆಲಸ ಮಾಡಿದ. ಬಾಡಿಗೆ ತಡವಾಗುತ್ತಿತ್ತು, ನಿಲ್ಲಲಿಲ್ಲ. ತಡವಾದ ತಿಂಗಳು ಚೆಕ್ಕಿನ ಜೊತೆ ಒಂದು ಡಬ್ಬಿ ಶೇಂಗಾ ಹೋಳಿಗೆ ಅಂಚೆಯಲ್ಲಿ ಬರುತ್ತಿತ್ತು. ನನ್ನ ಹೆಂಡತಿ ಡಬ್ಬಿ ತೆಗೆಯುತ್ತ, ಬಾಡಿಗೆ ಇನ್ನೂ ಒಂದು ವಾರ ತಡವಾಗಲಿ ಎನ್ನುತ್ತಿದ್ದಳು. ಆ ಜನವರಿಯಲ್ಲಿ ಅವನಿಗೆ ಮತ್ತೆ ಸರಿಯಾದ ಕೆಲಸ ಸಿಕ್ಕಿತ್ತು. ಸಿಕ್ಕ ವಾರವೇ ಫೋನ್ ಮಾಡಿ ಮನೆಯನ್ನು ತನಗೇ ಕೊಡಬೇಕೆಂದು ಕೇಳಿದ್ದ. ಮಗಳು ಅಲ್ಲಿನ ಶಾಲೆಯಲ್ಲಿ ಕಿಂಡರ್‌ಗಾರ್ಟನ್ ಸೇರಿದ್ದಳು. ನಾನು ಆಗಲಿ ಎಂದಿದ್ದೆ. ಬಾಯಿಮಾತು, ಆದರೂ ಮಾತು.

ಜೂನ್ ಗಡುವಿನ ವಿಷಯ ಹೇಳಲು ಅವನಿಗೆ ಫೋನ್ ಮಾಡಿದೆ.

“ಅಂಕಲ್, ಬ್ಯಾಂಕಿನವ್ರು ಆರು ತಿಂಗಳ ಪಗಾರದ ಚೀಟಿ ಬೇಕಂತಾರ್ರಿ. ನಾ ಸೇರಿದ್ದು ಜನವರಿಗೆ. ನೀವ ಎಣಸ್ರಿ.”

ಎಣಿಸಲು ಬೆರಳು ಬೇಕಿರಲಿಲ್ಲ. ಸಾಲ ಸಿಗುವುದು ಬೇಗವೆಂದರೆ ಜುಲೈಗೆ.

“ನೀವು ಹೆಂಗ ಹೇಳ್ತೀರಿ ಹಂಗ,” ಎಂದ. “ಖಾಲಿ ಮಾಡ್ರಿ ಅಂದ್ರ ಮಾಡ್ತೀವಿ. ಖರೇನ ಹೇಳ್ತೀನಿ, ಬ್ಯಾಸರಿಲ್ಲ. ಮಗಳ ಸಾಲಿ ಮುಗಿಯೋತನಕ ಒಂದೀಟು ತಡೀರಿ ಸಾಕು.”

ಬೇಸರವಿಲ್ಲ ಎಂದು ಅವನು ಹೇಳಿದ್ದರಿಂದಲೇ ನನಗೆ ಆ ದಿನ ಊಟ ಸೇರಲಿಲ್ಲ. ಹೀಗೆ ಬರೆದ ಮೇಲೆ ಅನುಮಾನ ಬರುತ್ತಿದೆ. ಊಟ ಮಾಡಿದ್ದೆನೇನೋ. ಸಂಜೆ ಹೆಂಡತಿಯ ಜೊತೆ ಮಾತಾಡಿದ್ದು ಊಟದ ಮೇಜಿನ ಎದುರೇ, ಆದ್ದರಿಂದ ಮಾಡಿರಲೇಬೇಕು.

ಅವಳು ಪೂರ್ತಿ ಕೇಳಿಸಿಕೊಂಡಳು. ತಾರೀಖು ಹೇಳಿದಾಗ ಮಾತ್ರ ಸೌಟು ಕೆಳಗಿಟ್ಟಳು.

“ಜೂನ್‌ನಲ್ಲೆಲ್ಲಿ ಬಿಟ್ವಿ? ಹಾಲು ಉಕ್ಕಿಸಿ ಮಾರನೇ ದಿನ ವಾಪಸ್ ಹೋದ್ವಲ್ರೀ.”

ಇಲ್ಲ ಎಂದೆ. ಅವಳು ಹೌದು ಎಂದಳು. ಆ ವರ್ಷ ಜುಲೈ ಹುಟ್ಟುತ್ತಿದ್ದಂತೆ ಆಷಾಢ ಬರುವುದಿತ್ತು. ಆಷಾಢದಲ್ಲಿ ಹೊಸ ಮನೆಗೆ ಕಾಲಿಡುವಂತಿಲ್ಲ. ಮುಗಿಯುವವರೆಗೆ ಕಾದರೆ ಹೆರಿಗೆ ಹತ್ತಿರ ಬರುತ್ತದೆ. ಅದಕ್ಕೇ ಮೊದಲು ಶಾಸ್ತ್ರ ಮುಗಿಸಿಬಿಟ್ಟೆವು, ಸಾಮಾನು ಸಾಗಿಸಿದ್ದು ಆಮೇಲೆ. ನಮ್ಮ ಜನರಲ್ಲಿ ಇದು ಹೊಸದೇನಲ್ಲ. ಒಂದು ದೀಪ, ಒಂದು ಪಾತ್ರೆ ಕಳಿಸಿ ಮುಹೂರ್ತವನ್ನು ಹಿಡಿದುಕೊಳ್ಳುವುದು, ಉಳಿದ ಬದುಕು ಲಾರಿ ಸಿಕ್ಕಾಗ ಬರುವುದು. ಯಾರಾದರೂ ಯಾವಾಗ ಹೋದಿರಿ ಎಂದು ಕೇಳಿದರೆ ಹೇಳುವುದು ಹಾಲು ಉಕ್ಕಿಸಿದ ದಿನವನ್ನೇ. ನಾನು ಅದನ್ನೇ ಹೇಳಿದ್ದೆ, ಮೊದಲು ಸ್ನೇಹಿತರಿಗೆ, ಆಮೇಲೆ ತೆರಿಗೆಯ ಪ್ರಶ್ನಾವಳಿಗೆ. ಹೇಳಿ ಹೇಳಿ ಅದೇ ನಡೆದದ್ದಾಗಿಬಿಟ್ಟಿತ್ತು.

“ಆಗಸ್ಟ್ ಕೊನೇಗೆ ಬಿಟ್ಟಿದ್ದು,” ಎಂದಳು. “ನನ್ನ ಮಂಡಿ ನೋವು ನಿಮಗೆ ಎಲ್ಲಿ ಜ್ಞಾಪಕ ಇರುತ್ತೆ. ಹಾಲು ಒಂದು ಜ್ಞಾಪಕ ಇದೆ.”

ಅವಳು ಹೇಳಿದ್ದು ನಿಜವಾದರೆ ಗಡುವು ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಬಾಗಲಕೋಟೆಯವನಿಗೆ ಸಾಲ ಸಿಗಲು ಬೇಕಾದಷ್ಟೇ ಕಾಲ. ಅದೇ ನನ್ನನ್ನು ಹಿಂದಕ್ಕೆ ಎಳೆಯಿತು. ನನ್ನ ನೆನಪಿನಲ್ಲಿ ಆ ಜುಲೈ ಇರಲೇ ಇಲ್ಲ. ಎಷ್ಟು ಕೆದಕಿದರೂ ಜೂನ್‌ನ ಪಾಯಸದಿಂದ ನೇರವಾಗಿ ಸೆಪ್ಟೆಂಬರ್‌ನ ಆಸ್ಪತ್ರೆಗೆ, ಮೊಮ್ಮಗಳ ಕೆಂಪು ಮುಖಕ್ಕೆ ಬಂದು ನಿಲ್ಲುತ್ತಿದ್ದೆ. ಹೀಗಿರುವಾಗ ಅನುಕೂಲಕ್ಕೆ ಸರಿಯಾಗಿ ಒದಗಿ ಬಂದ ಎರಡು ತಿಂಗಳನ್ನು ಹೇಗೆ ಒಪ್ಪಿಕೊಳ್ಳುವುದು? ಮರುದಿನ ಬೆಳಿಗ್ಗೆ ಅವಳು ಮಂಡಿಯ ವಿಷಯ ಮತ್ತೆ ಎತ್ತಿದಾಗ ನನಗೂ ಏನೋ ಮಸುಕಾಗಿ ಕಾಣತೊಡಗಿತು. ಆ ಕಾಣುವಿಕೆಯನ್ನೂ ನಂಬಲಿಲ್ಲ. ಬೇಕು ಎಂದಾಗ ಹುಟ್ಟುವ ನೆನಪು ಯಾವುದು, ಇದ್ದದ್ದು ಯಾವುದು ಎಂದು ಒಳಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ತೆರಿಗೆ ನೋಡಿಕೊಳ್ಳುವ ಮೈಸೂರಿನವರಿಗೆ ಫೋನ್ ಮಾಡಿ ಹೇಳಿದೆ. ಅವರು ನಗಲಿಲ್ಲ. ಸರ್ಕಾರಕ್ಕೆ ಸಲ್ಲಿಸಿದ ಕಾಗದದಲ್ಲಿ ಬಾಡಿಗೆ ಶುರುವಾದದ್ದು ಸೆಪ್ಟೆಂಬರ್ ಎಂದೇ ಇದೆ, ಜೂನ್ ಇರುವುದು ತಮ್ಮ ಪ್ರಶ್ನಾವಳಿಯಲ್ಲಿ ಮಾತ್ರ, ತಪ್ಪಾಗಿದ್ದರೆ ತಿದ್ದಬಹುದು ಎಂದರು. ಆದರೆ ಇಬ್ಬರ ಜ್ಞಾಪಕದ ಮೇಲೆ ತಿದ್ದಲು ತಾವು ತಯಾರಿಲ್ಲ, ಕಾಗದ ತನ್ನಿ ಎಂದರು.

ಕಾಗದಗಳಿದ್ದದ್ದು ಮಿಷಿಗನ್‌ನಲ್ಲೇ. ನನ್ನ ಹೆಂಡತಿ ಯಾವ ಬಿಲ್ಲನ್ನೂ ಎಸೆಯುವವಳಲ್ಲ. ಬಾಸ್ಮತಿ ಅಕ್ಕಿಯ ಜಿಪ್ ಇರುವ ಚೀಲಗಳನ್ನು ತೊಳೆದು ಒಣಗಿಸಿ, ವರ್ಷಕ್ಕೊಂದರಂತೆ ತುಂಬಿಡುತ್ತಿದ್ದಳು. ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ನಮ್ಮ ಹತ್ತಾರು ಪೆಟ್ಟಿಗೆಗಳನ್ನು ಬಾಡಿಗೆಯವರು ಎರಡೂವರೆ ವರ್ಷದಿಂದ ಕಾದುಕೊಂಡಿದ್ದರು. ಮುಂದಿನ ಶನಿವಾರ ನಾನೊಬ್ಬನೇ ಇನ್ನೂರ ಎಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋದೆ.

ಬಡಾವಣೆಯ ಬಾಯಲ್ಲಿ ಮೂರು ಮನೆಗಳು ಬೀಗ ಹಾಕಿಕೊಂಡಿದ್ದವು. ಒಂದರ ಬಾಗಿಲಿಗೆ ಬ್ಯಾಂಕಿನ ಕಾಗದ ಅಂಟಿಸಿತ್ತು. ನಮ್ಮ ಮನೆಯ ಮುಂದೆ ಮಗುವಿನ ಗುಲಾಬಿ ಸೈಕಲ್. ಬಾಡಿಗೆಯವನ ಹೆಂಡತಿ ಒಗ್ಗರಣೆ ಅವಲಕ್ಕಿ ಕೊಟ್ಟಳು. ಯಾವುದನ್ನು ಹುಡುಕಲು ಬಂದಿದ್ದೇನೆ, ಸಿಕ್ಕರೆ ಏನಾಗುತ್ತದೆ, ಸಿಗದಿದ್ದರೆ ಏನಾಗುತ್ತದೆ ಎಂದು ಇಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ಅಂಗಿಯ ತೋಳು ಮಡಚಿಕೊಂಡು ನನ್ನ ಜೊತೆ ಬೇಸ್‌ಮೆಂಟಿಗೆ ಇಳಿದ.

ಮೊದಲು ಸಿಕ್ಕಿದ್ದು ಅವನಿಗೆ, ಮತ್ತು ಅದು ಬೇಡದ್ದು. ಒಂದು ಶೂ ಪೆಟ್ಟಿಗೆಯ ತುಂಬ ನಾನೇ ಅಚ್ಚು ಹಾಕಿಸಿ ಸ್ನೇಹಿತರಿಗೆ ಕಳಿಸಿ ಉಳಿದ ಕಾರ್ಡುಗಳು. ಜೂನ್ ಇಪ್ಪತ್ತೆಂಟರಿಂದ ನಾವು ಈ ವಿಳಾಸದಲ್ಲಿರುತ್ತೇವೆ ಎಂದು, ಕೆಳಗೆ ಲೊಂಬಾರ್ಡ್‌ನ ವಿಳಾಸ. ಅವನು ಓದಿ ನನ್ನ ಕೈಗೆ ಕೊಟ್ಟ. ಪಕ್ಕದ ಪೆಟ್ಟಿಗೆ ಬಿಚ್ಚತೊಡಗಿದ.

ಆ ಕಾರ್ಡನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡಬಹುದು ಎಂದು ನನಗೆ ಹೊಳೆದದ್ದು ನಿಜ. ಅವನಿಗೂ ಹೊಳೆದಿರಬೇಕು, ಏಕೆಂದರೆ ಅವನು ನನ್ನ ಕಡೆ ಬೆನ್ನು ಮಾಡಿಯೇ ಕೂತಿದ್ದ. ನಾನು ಒಂದು ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಎರಡು ಸಾವಿರದ ಎಂಟರ ಬಾಸ್ಮತಿ ಚೀಲ ಸಿಗಲು ಮತ್ತೊಂದು ತಾಸು ಹಿಡಿಯಿತು. ಅದರಲ್ಲಿ ಮೇಲೆಯೇ ಇದ್ದದ್ದು ಫಿಸಿಯೋಥೆರಪಿ ಕ್ಲಿನಿಕ್ಕಿನ ಒಂದು ಉದ್ದನೆಯ ಹಾಳೆ. ಮಂಡಿಯ ವ್ಯಾಯಾಮಗಳ ಚಿತ್ರ, ಪಕ್ಕದಲ್ಲಿ ತಾರೀಖುಗಳು, ಪ್ರತಿ ತಾರೀಖಿನ ಎದುರು ನನ್ನ ಹೆಂಡತಿಯ ಸಣ್ಣ ಸಹಿ. ಜುಲೈ ಪೂರ್ತಿ ವಾರಕ್ಕೆ ಎರಡು ಸಲ. ಆಗಸ್ಟ್‌ನಲ್ಲೂ ಹಾಗೆಯೇ, ಇಪ್ಪತ್ತಾರರವರೆಗೆ. ಹಾಳೆಯ ಒಂದು ಮೂಲೆಯಲ್ಲಿ ಕಾಫಿ ಲೋಟದ ಉಂಗುರ.

ಅದನ್ನು ಕಂಡಾಗ ಜುಲೈ ಬಂತು. ಒಟ್ಟಿಗೆ ಬರಲಿಲ್ಲ, ಬಂದದ್ದೆಲ್ಲ ಸರಿಯೆಂದೂ ಹೇಳಲಾರೆ. ಕ್ಲಿನಿಕ್ಕಿನ ಪಕ್ಕದಲ್ಲಿ ಮುಚ್ಚಿದ ಟೈರ್ ಅಂಗಡಿ. ನಾನು ಕಾರಿನಲ್ಲಿ ಕಿಟಕಿ ಇಳಿಸಿಕೊಂಡು, ಓದಿದ ಪೇಪರನ್ನೇ ಓದುತ್ತ ಕೂತಿರುವುದು. ಮನೆಯ ಮುಂದಿನ ಹುಲ್ಲಿನಲ್ಲಿ ಊರಿದ ಮಾರಾಟದ ಫಲಕ. ಮನೆ ಚೆನ್ನಾಗಿ ಕಾಣಲಿ ಎಂದು ವಾರಕ್ಕೆ ಎರಡು ಸಲ ಹುಲ್ಲು ಕತ್ತರಿಸುತ್ತಿದ್ದದ್ದು, ಯಾರೂ ನೋಡಲು ಬರದಿದ್ದದ್ದು. ಮೂವತ್ತು ವರ್ಷ ಬೆಳಿಗ್ಗೆ ಆರೂವರೆಗೆ ಹೊರಡುತ್ತಿದ್ದವನು ಈಗ ಅದೇ ಹೊತ್ತಿಗೆ ಗರಾಜಿನ ಬಾಗಿಲೆತ್ತಿ ಒಳಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದದ್ದು. ಎದುರು ಮನೆಯವನು ಕೈ ಬೀಸಿದರೆ ಏನೋ ಹುಡುಕುವವನಂತೆ ಎದ್ದು ನಿಲ್ಲುತ್ತಿದ್ದದ್ದು. ಅವಳಿಗೆ ಮೆಟ್ಟಿಲು ಹತ್ತಲಾಗದೆ ನಾವು ಕೆಳಗಿನ ಹಾಲ್‌ನಲ್ಲಿ ಕಾರ್ಪೆಟ್ಟಿನ ಮೇಲೆ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದದ್ದು. ಆ ಹಾಸಿಗೆಯನ್ನು ನಾನು ಹೊತ್ತು ತಂದು ಲೊಂಬಾರ್ಡ್‌ನಲ್ಲಿ ಹಾಕಿಬಿಟ್ಟಿದ್ದೆ. ಕೆಲಸವಿಲ್ಲದ ಆ ಎರಡು ತಿಂಗಳನ್ನು ತೆಗೆದುಹಾಕಿ, ನಿವೃತ್ತಿಯಿಂದ ನೇರವಾಗಿ ಪಾಯಸಕ್ಕೆ ಬಂದವನು ನಾನು. ಅದರ ಜೊತೆ ಅವಳ ಮಂಡಿಯೂ ಹೋಗಿತ್ತು.

ಬಾಡಿಗೆಯವನು ಆ ಹೊತ್ತಿಗೆ ಕರೆಂಟ್ ಬಿಲ್ಲುಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಜೋಡಿಸಿದ್ದ. ಜುಲೈದು ಮೇಲ್ಗಡೆ.

“ಏಸಿ ಭಾಳ ಹಚ್ಚೀರಿ ಅಂಕಲ್ ನೀವು,” ಎಂದ. ಅವನು ಅಂದು ನಕ್ಕದ್ದು ಅದೊಂದೇ ಸಲ. ಆಮೇಲೆ, ತನ್ನ ಹದಿನಾಲ್ಕು ತಿಂಗಳಲ್ಲಿ ತಾನೂ ಅದೇ ಗರಾಜಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ ಎಂದು, ನಾನು ಕೇಳದೆಯೇ ಹೇಳಿದ. ನಾನು ನನ್ನ ಗರಾಜಿನ ವಿಷಯ ಅವನಿಗೆ ಹೇಳಿದ್ದು ಅದಕ್ಕೆ ಮೊದಲೋ ಆಮೇಲೋ ಈಗ ತಿಳಿಯದು. ಮೊದಲೇ ಇರಬೇಕು.

ಗ್ಲೆಂಡೇಲ್ ಹೈಟ್ಸ್‌ನ ಮಹಡಿಯಲ್ಲಿ ತೆರಿಗೆಯವರ ಮೇಜಿನ ಮೇಲೆ ಎಲ್ಲವನ್ನೂ ಇಟ್ಟೆ. ಮಿಷಿಗನ್ ಮನೆಯ ಜುಲೈ, ಆಗಸ್ಟ್ ಬಿಲ್ಲುಗಳು. ಲೊಂಬಾರ್ಡ್ ಅಪಾರ್ಟ್‌ಮೆಂಟಿನ ಅದೇ ತಿಂಗಳ ಬಿಲ್ಲುಗಳು. ಅವು ಹೆಂಡತಿಯ ಇಲ್ಲಿನ ಚೀಲದಲ್ಲೇ ಇದ್ದವು. ಲೊಂಬಾರ್ಡ್‌ನಲ್ಲಿ ಆ ಎರಡು ತಿಂಗಳು ಫ್ರಿಜ್ ಬಿಟ್ಟರೆ ಏನೂ ಉರಿದಿರಲಿಲ್ಲ. ಮಂಡಿಯ ಹಾಳೆ. ಸಾಮಾನು ಸಾಗಿಸಿದ ಲಾರಿಯವನ ರಸೀದಿ, ಆಗಸ್ಟ್ ಕೊನೆಯ ಶುಕ್ರವಾರದ್ದು. ಎಲ್ಲದರ ಮೇಲೆ ಕಾರ್ಡು.

ಅವರು ಕಾರ್ಡನ್ನು ತಿರುಗಿಸಿ ನೋಡಿ, ಇದನ್ನು ಯಾಕೆ ತಂದಿರಿ ಎಂದು ಕೇಳಿದರು. ಅದೇ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂದೆ.

“ಒಳ್ಳೇದಾಯ್ತು,” ಎಂದರು. “ಈ ಕಾರ್ಡು ನೀವು ಏನಂದ್ಕೊಂಡಿದ್ರಿ ಅಂತ ಹೇಳುತ್ತೆ. ಈ ಬಿಲ್ಲು ನೀವು ಎಲ್ಲಿ ಮಲಗ್ತಿದ್ರಿ ಅಂತ ಹೇಳುತ್ತೆ. ಸರ್ಕಾರದವ್ರಿಗೆ ಬೇಕಾಗಿರೋದು ಎರಡನೇದು.” ಪ್ರಶ್ನಾವಳಿಯ ತಾರೀಖನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಹೊಸದು ಬರೆದು, ನನ್ನಿಂದ ಸಹಿ ಹಾಕಿಸಿದರು. ಕಾರ್ಡನ್ನೂ ಕಡತಕ್ಕೆ ಸೇರಿಸಿದರು. ಮನೆ ಬಾಡಿಗೆಗಿದ್ದಾಗ ಪ್ರತಿವರ್ಷ ತೋರಿಸಿದ ಸವಕಳಿಯಿಂದ ಕಡಿಮೆಯಾದ ತೆರಿಗೆ ಮಾತ್ರ ಹೇಗಿದ್ದರೂ ವಾಪಸ್ ಕೊಡಬೇಕಾಗುತ್ತದೆ, ಅದಕ್ಕೆ ಯಾವ ತಾರೀಖೂ ಸಹಾಯಕ್ಕೆ ಬರುವುದಿಲ್ಲ ಎಂದು ಎಚ್ಚರಿಸಿದರು. ಮೂರು ವರ್ಷ ಮನೆ ಸವೆದಿದೆ ಎಂದು ಹೇಳಿಕೊಂಡಿದ್ದೆ. ಈಗ ಸವೆದಿಲ್ಲ ಎಂದು ಬೆಲೆ ಕಟ್ಟಿ ಮಾರುತ್ತಿದ್ದೆ. ನ್ಯಾಯವೇ.

ಬಿಳಿ ಪಿಕಪ್‌ನವನಿಗೆ ಇಲ್ಲವೆಂದು ಹೇಳಿದೆ. ಈಗ ನಮ್ಮ ಕೈಯಲ್ಲಿ ಆಗಸ್ಟ್ ಕೊನೆಯವರೆಗೆ ಸಮಯವಿತ್ತು.

ಜುಲೈ ಮೊದಲ ವಾರ ಬಾಗಲಕೋಟೆಯವನ ಸಾಲ ಮಂಜೂರಾಯಿತು. ಇನ್ನು ಎರಡು ವಾರದಲ್ಲಿ ಮುಗಿಸೋಣ ಎಂದು ನಾನು ಉತ್ಸಾಹದಿಂದ ಫೋನ್ ಮಾಡಿದರೆ, ಅವನು ಹವಾಮಾನದ ಮಾತಾಡಿದ, ಮಗಳ ಈಜು ಕ್ಲಾಸಿನ ಮಾತಾಡಿದ. ಕೊನೆಗೆ ವಿಷಯ ಹೊರಗೆ ಬಂತು.

“ನಮ್ಮವ್ವ ಊರಿಂದ ಫೋನ್ ಮಾಡ್ಯಾಳ್ರಿ. ಆಷಾಢದಾಗ ಮನಿ ತಗೋಬ್ಯಾಡ ಅಂತಾಳ. ನಾ ಹೇಳಿದೆ, ಅವ್ವಾ ಇದು ಅಮೇರಿಕಾ. ಅಮೇರಿಕಾದಾಗ ಆಷಾಢ ಇಲ್ಲೇನು ಅಂತ ನಂಗ ಕೇಳಿದ್ಳು.”

ಯಾರಿಗೆ ಏನು ಹೇಳುವುದು? ಅದೇ ಆಷಾಢಕ್ಕೆ ಹೆದರಿ ಒಂದು ದೀಪ, ಒಂದು ಪಾತ್ರೆಯನ್ನು ಎರಡು ತಿಂಗಳು ಮೊದಲೇ ಸಾಗಿಸಿದವನು ನಾನು. ಇಲ್ಲ, ಅವ್ವ ಹೇಳಿದ್ದು ಸರಿ, ಶ್ರಾವಣದಲ್ಲೇ ಮಾಡೋಣ ಎಂದೆ. ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ, ಈಗ ಗೊತ್ತಾಯಿತೇ ಎಂಬಂತೆ ನೋಡಿದಳು.

ಶ್ರಾವಣ ಹುಟ್ಟಿತು. ಬ್ಯಾಂಕು ಕಳಿಸಿದ ಮನುಷ್ಯ ಮನೆ ನೋಡಿಕೊಂಡು ಹೋಗಿ, ನಾವು ಮಾತಾಡಿಕೊಂಡದ್ದಕ್ಕಿಂತ ಕಡಿಮೆ ಬೆಲೆ ಬರೆದ. ಪಕ್ಕದ ಬೀದಿಯ ಬೀಗ ಹಾಕಿದ ಮನೆಗಳು ಹರಾಜಿಗೆ ಹೋಗಿದ್ದ ದರವನ್ನು ಹಿಡಿದು ಹಾಕಿದ ಲೆಕ್ಕ ಅದು. ಬ್ಯಾಂಕು ಆ ಬೆಲೆಗಷ್ಟೇ ಸಾಲ ಕೊಡುತ್ತದೆ. ಮಿಕ್ಕದ್ದನ್ನು ತುಂಬಲು ಅವನ ಹತ್ತಿರ ಇರಲಿಲ್ಲ. ಆಗಸ್ಟ್ ಹತ್ತಕ್ಕೆ ಅವನು ಫೋನ್ ಮಾಡಿ, ಪಿಕಪ್‌ನವನು ಇನ್ನೂ ಇದ್ದರೆ ಅವನಿಗೇ ಕೊಟ್ಟುಬಿಡಿ, ನನ್ನಿಂದ ನಿಮಗೆ ಗಡುವು ತಪ್ಪುವುದು ಬೇಡ ಎಂದ. ಈ ಸಲ ಬೇಸರವಿಲ್ಲ ಎಂದು ಹೇಳಲಿಲ್ಲ.

ನಾನು ಬೆಲೆ ಇಳಿಸಿದೆ. ಇದನ್ನು ದೊಡ್ಡ ಮನಸ್ಸು ಎಂದು ನನ್ನ ಮಗಳು ಇವತ್ತಿಗೂ ಹೇಳುತ್ತಾಳೆ. ನಾನು ಹಾಗೆ ನೆನಪಿಟ್ಟುಕೊಳ್ಳಲು ಇಷ್ಟಪಡುವುದಿಲ್ಲ. ಇಳಿಸಿದ ಮೊತ್ತ ತಪ್ಪಿದ ತೆರಿಗೆಗಿಂತ ಸ್ವಲ್ಪ ಕಡಿಮೆಯೇ ಇತ್ತು; ಹೇಳುವ ಮೊದಲು ನಾನು ಅದನ್ನು ಲೆಕ್ಕ ಹಾಕಿ ನೋಡಿದ್ದೆ. ಆದರೂ ಪಿಕಪ್‌ನವನಿಗೆ ಮತ್ತೆ ಫೋನ್ ಮಾಡುವ ಕೈ ನನಗೆ ಬರುತ್ತಿರಲಿಲ್ಲ. ಎರಡೂ ಒಟ್ಟಿಗೇ ನಿಜ.

ಗಡುವಿಗೆ ಆರು ದಿನ ಇರುವಾಗ, ಒಂದು ಮಂಗಳವಾರ, ಸಹಿಗಳಾದವು. ಮುಗಿದ ಮೇಲೆ ಅವರು ನಮ್ಮನ್ನು ಊಟಕ್ಕೆ ಕರೆದರು. ಅಡುಗೆಮನೆಯಲ್ಲಿ ಅವನ ಹೆಂಡತಿ ಒಲೆ ಒರೆಸಿ ಕುಂಕುಮ ಇಟ್ಟಿದ್ದಳು. ಹೊಸ ಪಾತ್ರೆಯಲ್ಲಿ ಹಾಲು. ಮೂರು ವರ್ಷದಿಂದ ಅದೇ ಒಲೆಯ ಮೇಲೆ ಅಡುಗೆ ಮಾಡಿದವಳು. ಆರು ವರ್ಷದ ಮಗಳು ಕುರ್ಚಿಯ ಮೇಲೆ ಮೊಣಕಾಲೂರಿ ನೋಡುತ್ತ, ನಾವು ಇಲ್ಲೇ ಅಲ್ಲವೇ ಇರುವುದು, ಮತ್ತೆ ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಹೌದವಾ, ಇಲ್ಲೇ ಇದ್ದೀವಿ,” ಎಂದಳು ತಾಯಿ, ಪಾತ್ರೆಯಿಂದ ಕಣ್ಣು ತೆಗೆಯದೆ. “ಆದ್ರೂ ಉಕ್ಕಲಿ.”

ನನ್ನ ಹೆಂಡತಿ ಮೇಜಿನ ಮೇಲಿದ್ದ ಒಂದು ಪೇಪರನ್ನು ಎತ್ತಿಕೊಂಡು ಹೋಗಿ ಸೂರಿನ ಅಲಾರಂನ ಕೆಳಗೆ ನಿಂತಳು. ಹಾಲು ಉಕ್ಕಿತು, ಸೀಯಿತು, ಅವಳು ಗಾಳಿ ಹಾಕಿದಳು. ಅಲಾರಂ ಹೊಡೆದುಕೊಳ್ಳಲಿಲ್ಲ.

ಊಟದ ಮೇಲೆ ಅವನು ಮನೆ ತೆರಿಗೆ ರಿಯಾಯಿತಿಯ ಅರ್ಜಿಯೊಂದನ್ನು ತಂದು ನನ್ನ ಪಕ್ಕ ಕೂತ. ಅದರಲ್ಲಿ ಈ ಮನೆಯಲ್ಲಿ ಯಾವಾಗಿನಿಂದ ವಾಸ ಎಂಬ ಪ್ರಶ್ನೆ ಇತ್ತು. ಏನು ಬರೆಯಲಿ ಎಂದು ಕೇಳಿದ. ಮೂರು ವರ್ಷದ ಹಿಂದೆ ಅವರು ಬಂದ ದಿನ ನನಗೆ ಸ್ಪಷ್ಟವಾಗಿ ನೆನಪಿತ್ತು: ಸೆಪ್ಟೆಂಬರ್ ಮೊದಲ ಸೋಮವಾರ, ಇಲ್ಲಿನ ಕಾರ್ಮಿಕ ದಿನ, ಬಾಡಿಗೆ ಲಾರಿ, ಅವನ ಹೆಂಡತಿಯ ತೋಳಿನಲ್ಲಿ ಮಗು. ಹೇಳಲು ಬಾಯಿ ತೆರೆದವನು ನಿಲ್ಲಿಸಿದೆ. ಅಂದು ನಾವು ಲೊಂಬಾರ್ಡ್‌ನಲ್ಲಿದ್ದೆವು. ಅವರು ಬಂದದ್ದನ್ನು ನಾನು ನೋಡಿರಲು ಸಾಧ್ಯವಿಲ್ಲ.

“ನಿನ್ನ ಹೆಂಡತೀನ ಕೇಳಪ್ಪ,” ಎಂದೆ.

ಹೊರಟು ಕಾರಿನಲ್ಲಿ ಕೂತಾಗ ನನ್ನ ಹೆಂಡತಿ ಸೀಟನ್ನು ಹಿಂದಕ್ಕೆ ಸರಿಸಿ ಕಾಲು ಚಾಚಿದಳು. ಅರ್ಧ ದಾರಿಯ ಕಲಮಝೂ ದಾಟುವಷ್ಟರಲ್ಲಿ ಎರಡು ಕಡೆ ನಿಲ್ಲಿಸಿ ಅವಳಿಗೆ ನಡೆದಾಡಲು ಬಿಟ್ಟೆ. ಎರಡನೆಯ ಸಲ ಅವಳು ಬೇಡ ಎಂದಳು. ಆದರೂ ನಿಲ್ಲಿಸಿದೆ.